ಅಪ್ಪನ ಕಾಲಿನ ಕಪ್ಪು ಹರಳು

ಶಿವಾರಪಟ್ಟಣದ ಶಿಲ್ಪಿಗಳು ಕೈಯಿಂದ ಮಾತ್ರ ಕೆಲಸ ಮಾಡುತ್ತಾರೆ ಅಂದುಕೊಂಡವರು ನಮ್ಮ ಬೀದಿಗೆ ಒಂದು ಸಲವೂ ಬಂದಿಲ್ಲ ಎಂದೇ ಅರ್ಥ. ಗೋಣಿತಾಟಿನ ಮೇಲೆ ಕೂತು, ಮೊಳದುದ್ದದ ಕಲ್ಲನ್ನು ಮುಂದೆ ಮಲಗಿಸಿಕೊಂಡರೆ, ಅದು ಅಲ್ಲಾಡದಂತೆ ಒತ್ತಿ ಹಿಡಿಯುವುದು ಕಾಲು. ಬಲಗೈಗೆ ಸುತ್ತಿಗೆ, ಎಡಗೈಗೆ ಉಳಿ, ಇನ್ನೊಂದು ಕೈಯನ್ನು ಎಲ್ಲಿಂದ ತರುವುದು? ನಮ್ಮಪ್ಪನಿಗೆ ಎಡಗಾಲೇ ಆ ಮೂರನೆಯ ಕೈ. ಹೆಬ್ಬೆರಳನ್ನು ಒಂದಿಷ್ಟು ಒತ್ತಿದರೆ ಕಲ್ಲು ಎಳ್ಳಷ್ಟು ತಿರುಗುತ್ತಿತ್ತು, ಬೇಕಾದಷ್ಟೇ ತಿರುಗುತ್ತಿತ್ತು. ಕೆಟ್ಟದ್ದು ಆ ಕಾಲೇ. ನಾನು ಹೇಳಹೊರಟಿರುವುದು ಅದರ ಕತೆ.

ನನಗಾಗ ಲಂಗ ಎತ್ತಿ ಸಿಕ್ಕಿಸಿಕೊಂಡು ಕುಂಟೆಬಿಲ್ಲೆ ಆಡುವ ವಯಸ್ಸು. ದೇವರಿಗೆಂದು ಕಲ್ಲು ಆರಿಸಲು ಹೋಗುವವರು ಚಪ್ಪಲಿ ಬಿಟ್ಟು ಬಂಡೆ ಹತ್ತಬೇಕೆಂಬುದು ನಮ್ಮವರ ಕಟ್ಟು. ಕಲ್ಲೊಳಗೆ ಮಲಗಿರುವವನನ್ನು ಚಪ್ಪಲಿಗಾಲಲ್ಲಿ ತುಳಿಯಬಾರದಂತೆ. ಅಪ್ಪ ಚಪ್ಪಲಿಯನ್ನು ಕೆಳಗೇ ಬಿಟ್ಟು ಹತ್ತಿದರು, ಕಲ್ಲನ್ನು ತಟ್ಟಿ ತಟ್ಟಿ ನಾದ ನೋಡಿದರು, ಇಳಿದು ಬರುವಾಗ ಒಂದು ಜಾಲಿಮುಳ್ಳನ್ನು ತುಳಿದರು. ಅರ್ಧ ಮುಳ್ಳು ಕೈಗೆ ಬಂತು, ಅರ್ಧ ಅಂಗಾಲಿನಲ್ಲೇ ಮುರಿಯಿತು. ಮನೆಗೆ ಬಂದು ಎಕ್ಕದ ಹಾಲು ಬಿಟ್ಟುಕೊಂಡು ಮರೆತರು. ಮುಳ್ಳು ಚುಚ್ಚದ ಕಾಲು ಯಾರದಿದೆ?

ಮಾರನೆಯ ವರ್ಷ ಅದೇ ಜಾಗದಲ್ಲಿ ಬಟಾಣಿಯಷ್ಟು ಗಂಟು ಕಾಣಿಸಿತು. ಆಮೇಲೆ ಅದು ನಿಂಬೆಹಣ್ಣಿನಷ್ಟಾಯಿತು. ನೋವು ಮಾತ್ರ ಇಲ್ಲವೇ ಇಲ್ಲ. ನೋವಾದರೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ. ನೋವಿಗೆ ಹೆದರಿಯಾದರೂ ಮನುಷ್ಯ ಯಾರ ಬಳಿಗಾದರೂ ಓಡುತ್ತಾನೆ. ಅಪ್ಪ ಎಲ್ಲಿಗೂ ಓಡಲಿಲ್ಲ. ಅದೇ ಕಾಲಲ್ಲಿ ಕಲ್ಲು ಒತ್ತಿಕೊಂಡು ಕೂತರು.

ಒಂದು ದಿನ ಗಂಟಿಗೆ ಸಣ್ಣದೊಂದು ಬಾಯಿ ಬಿತ್ತು. ಎಣ್ಣೆಯಂಥ ನೀರು ಒಸರಿತು. ಅಮ್ಮ ಬೇವಿನ ಸೊಪ್ಪಿನ ನೀರಲ್ಲಿ ಕಾಲು ತೊಳೆಯುವಾಗ ಆ ಒಸರಿನ ಜೊತೆ ಸಾಸಿವೆಗಿಂತ ಸಣ್ಣ ಕಪ್ಪು ಹರಳುಗಳು ಅವಳ ಅಂಗೈಗೆ ಬಂದವು. ಪಕ್ಕದ ಮನೆಯಲ್ಲಿದ್ದ ದೊಡ್ಡಪ್ಪನನ್ನು, ಅಂದರೆ ಅಪ್ಪನ ಅಣ್ಣನನ್ನು, ಕೂಗಿ ಕರೆದು ತೋರಿಸಿದಳು. ದೊಡ್ಡಪ್ಪ ಬೆಳಕಿಗೆ ಹಿಡಿದು ನೋಡಿ, ನಮ್ಮ ಕರಿಕಲ್ಲಿನ ಚೂರೇ ಇದು, ಮುಳ್ಳಿನ ಜೊತೆ ಒಳಗೆ ಹೋಗಿತ್ತು, ಈಗ ತಾನಾಗೇ ಈಚೆಗೆ ಬರ್ತಿದೆ ಎಂದರು. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ, ಎಲ್ಲಾ ಬಂದು ಮುಗಿದ ಮೇಲೆ ಗಾಯ ಕೂಡಿಕೊಳ್ಳುತ್ತೆ ಎಂದೂ ಸೇರಿಸಿದರು.

ಇಡೀ ಬೀದಿ ಒಪ್ಪಿತು. ಒಪ್ಪದೆ ಏನು? ನಾವು ಉಸಿರಾಡುತ್ತಿದ್ದುದೇ ಕಲ್ಲಿನ ಪುಡಿ. ತಲೆ ಬಾಚಿದರೆ ಕಲ್ಲು, ಮುದ್ದೆ ಮುರಿದರೆ ಕಲ್ಲು, ಕಣ್ಣುಜ್ಜಿದರೆ ಕಲ್ಲು. ಬೇರೆ ಊರಿನಲ್ಲಾಗಿದ್ದರೆ ಮಾಂಸದಿಂದ ಕಪ್ಪು ಹರಳು ಬಂದದ್ದನ್ನು ಕಂಡವರು ಬೆಚ್ಚಿಬೀಳುತ್ತಿದ್ದರು. ನಮಗೆ ಮಾತ್ರ ಅದು ಪರಿಚಯದ್ದು, ಮನೆಯದು. ಈ ತಪ್ಪು ಮಾಡುವುದು ನಮ್ಮಿಂದ ಮಾತ್ರ ಸಾಧ್ಯವಿತ್ತು.

ಅಂದಿನಿಂದ ದಿನಾ ಸಾಯಂಕಾಲ ಕಾಲು ತೊಳೆಯುವುದೇ ನಮ್ಮ ಮನೆಯ ಪೂಜೆಯಾಯಿತು. ಅಮ್ಮ ತಂಬಿಗೆ ಹಿಡಿದು ಕೂರುತ್ತಿದ್ದಳು, ಅಪ್ಪ ಕಾಲು ನೀಡುತ್ತಿದ್ದರು. ಹರಳು ಬಂದ ದಿನ ಅಮ್ಮ ತಪ್ಪದೆ ಹೇಳುತ್ತಿದ್ದಳು: "ಇವತ್ತೂ ಕಲ್ಲು ಬಂತು ನೋಡಿ. ಇನ್ನೇನು, ಮುಗೀತಾ ಬಂತು." ಅಪ್ಪ ತಲೆಯಾಡಿಸುತ್ತಿದ್ದರು. ಹರಳು ಬರದ ದಿನ ಮನೆಯೆಲ್ಲ ಮಂಕಾಗುತ್ತಿತ್ತು. ಗಾಯ ಸೋರಲಿಲ್ಲವಲ್ಲ ಎಂದು ಮುಖ ಸಪ್ಪಗೆ ಮಾಡಿಕೊಂಡು ಕೂತ ಸಂಸಾರವನ್ನು ನಾನಂತೂ ಇನ್ನೆಲ್ಲೂ ಕಾಣೆ.

ಅಪ್ಪನಿಗೆ ಆ ಕಾಲು ಯಾಕೆ ಅಷ್ಟು ಮುಖ್ಯ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ವಿಗ್ರಹ ಕಡೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದರು. ಕಣ್ಣು ತೆರೆಯುವವರು ಕಡಿಮೆ. ಮೈಯೆಲ್ಲ ಮುಗಿದ ಮೇಲೂ ವಿಗ್ರಹ ಕುರುಡಾಗಿಯೇ ಇರುತ್ತದೆ. ಒಳ್ಳೆಯ ದಿನ ನೋಡಿ, ಚಿನ್ನದ ಸೂಜಿ ಮುಟ್ಟಿಸಿ, ಸಣ್ಣ ಉಳಿಯಿಂದ ಕಣ್ಣಿನ ಗೆರೆ ಬಿಡಿಸಿದಾಗಲೇ ಅದು ದೇವರು. ಅಲ್ಲಿಯವರೆಗೆ ಕಲ್ಲು. ಅಪ್ಪ ತೆರೆದ ಕಣ್ಣು ನೋಡಿದವರನ್ನು ನೋಡುತ್ತದೆ ಎಂಬ ಮಾತಿತ್ತು. ಬೇರೆಯವರು ಕಡೆದ ವಿಗ್ರಹಕ್ಕೂ ಅಪ್ಪನನ್ನೇ ಕರೆಯುತ್ತಿದ್ದರು. ಆದರೆ ಆ ಕೆಲಸಕ್ಕೊಂದು ಕಟ್ಟಳೆ. ಬೆರಳು ಮುಕ್ಕಾದ ವಿಗ್ರಹಕ್ಕೆ ಹೇಗೆ ಪೂಜೆ ಇಲ್ಲವೋ ಹಾಗೆ, ಅಂಗ ಊನವಾದವನು ಕಣ್ಣು ತೆರೆಯುವಂತಿಲ್ಲ. ಕಾಲು ಹೋದರೆ ಅಪ್ಪನ ಪಾಲಿನ ದೇವರೆಲ್ಲ ಹೋದ ಹಾಗೆ.

ವರ್ಷಗಳು ಹೋದವು. ಒಂದು ಬಾಯಿದ್ದದ್ದು ನಾಲ್ಕಾರಾಯಿತು. ಪಾದ ಊದಿ, ಗಂಟುಗಂಟಾಗಿ, ಹೆಬ್ಬೆರಳು ಮೇಲಕ್ಕೆ ನಿಂತುಕೊಂಡಿತು. ಅಪ್ಪ ಅದಕ್ಕೆ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದರು. ಒಮ್ಮೆ ಮುಳಬಾಗಿಲ ಕಡೆಯಿಂದ ಆಂಜನೇಯನನ್ನು ಮಾಡಿಸಲು ಬಂದ ಯಜಮಾನರು ಆ ಬಟ್ಟೆ ಕಂಡವರೇ ಜಗಲಿಯ ತುದಿಗೆ ಸರಿದು ಕೂತರು. ಅಮ್ಮ ತಂದ ಮಜ್ಜಿಗೆಯನ್ನು ಬೇಡವೆಂದರು. ಅವರ ತಲೆಯಲ್ಲಿ ಓಡಿದ್ದು ಏನೆಂದು ನಮಗೆಲ್ಲ ತಿಳಿಯಿತು. ಆಗ ಕುಷ್ಠ ಎನ್ನುವ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ದೊಡ್ಡ ರೋಗ ಎನ್ನುತ್ತಿದ್ದರು. ಅಪ್ಪ ಒಳಗೆ ತಿರುಗಿ, ಹರಳು ತರುವಂತೆ ಹೇಳಿದರು. ಅಮ್ಮ ಒಂದು ವೀಳ್ಯದೆಲೆಯ ಮೇಲೆ ಅಂದು ಬಂದಿದ್ದ ಹರಳುಗಳನ್ನು ತಂದಿಟ್ಟಳು. ಇದು ರೋಗವಲ್ಲ ಸ್ವಾಮಿ, ನಮ್ಮ ಕಲ್ಲು, ಕಾಲೊಳಗೆ ಹೊಕ್ಕಿತ್ತು ಎಂದು ಅಪ್ಪ ನಕ್ಕರು. ಎಲೆಯ ಮೇಲಿನ ಕಪ್ಪನ್ನೂ ಅಂಗಳದಲ್ಲಿ ಬಿದ್ದಿದ್ದ ಕರಿಕಲ್ಲನ್ನೂ ನೋಡಿದ ಯಜಮಾನರಿಗೆ ಸಮಾಧಾನವಾಯಿತು. ಮಜ್ಜಿಗೆ ಕೇಳಿ ಕುಡಿದರು.

ನನ್ನ ಮದುವೆ ಕುದುರಿದ್ದೂ ಹಾಗೆಯೇ. ಕ್ಯಾಲನೂರಿನಿಂದ ಹೆಣ್ಣು ನೋಡಲು ಬಂದ ಹುಡುಗನ ಸೋದರಮಾವ ನನ್ನನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಅಪ್ಪನ ಕಾಲನ್ನು ನೋಡಿದರು. ಮತ್ತೆ ವೀಳ್ಯದೆಲೆ ಬಂತು, ಮತ್ತೆ ಹರಳು ಬಂತು, ಮತ್ತೆ ಎಲ್ಲರೂ ನಕ್ಕರು. ಅಮ್ಮ ಮಾತ್ರ ಎಲೆಯನ್ನು ಕೆಳಗಿಟ್ಟವಳು ಬಾಗಿಲ ಹಿಂದಕ್ಕೆ ಹೋಗಿ ನಿಂತಳು. ಒಲೆಯ ಮೇಲೆ ಪಾಯಸ ಇದ್ದುದರಿಂದ ಹೋದಳೆಂದು ನಾನು ತಿಳಿದೆ.

ಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆ ಸಿಕ್ಕಿದರೆ ಹಬ್ಬ. ನನಗೆ ಮದುವೆಯಾಗಿತ್ತು, ಗಂಡನ ಮನೆಗೆ ಇನ್ನೂ ಕಳಿಸಿರಲಿಲ್ಲ. ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯವರು ವೇಣುಗೋಪಾಲನನ್ನು ಕೇಳಿದರು. ಒಂದು ಕಾಲನ್ನು ನೆಲಕ್ಕೂರಿ, ಇನ್ನೊಂದನ್ನು ಅದರ ಅಡ್ಡಕ್ಕೆ ತಂದು ಬೆರಳ ತುದಿಯಲ್ಲಿ ನಿಂತ ಕೃಷ್ಣ. ಎಡಗಾಲಿಗೆ ಆಗ ಕಲ್ಲು ಹಿಡಿಯುವ ಶಕ್ತಿ ಉಳಿದಿರಲಿಲ್ಲ. ಅಪ್ಪ ನೆಲಕ್ಕೆ ಗೂಟ ಹೊಡೆದು ಹಗ್ಗದಿಂದ ಕಲ್ಲನ್ನು ಬಿಗಿದುಕೊಂಡರು. ಕೃಷ್ಣನ ಆ ಅಡ್ಡಗಾಲನ್ನು ಕಡೆಯಲು ಅವರು ತೆಗೆದುಕೊಂಡಷ್ಟು ಹೊತ್ತನ್ನು ಯಾವ ದೇವರ ಮುಖಕ್ಕೂ ತೆಗೆದುಕೊಂಡಿರಲಿಲ್ಲ. ಉಗುರುಗಳನ್ನು ಅಕ್ಕಿಕಾಳಿನಂತೆ ತಿದ್ದಿದರು.

ಕಣ್ಣೊಂದು ಬಾಕಿ ಇತ್ತು. ಅಷ್ಟರಲ್ಲಿ, ಅಷ್ಟು ವರ್ಷ ಬಾರದ ನೋವು ಬಂತು. ಜ್ವರ ಬಂತು. ಅಪ್ಪ ಹಲ್ಲು ಕಚ್ಚಿಕೊಂಡು ಮಲಗಿದರು. ನಮ್ಮ ವಿಗ್ರಹಗಳನ್ನು ಮಾಲೂರಿನ ಸ್ಟೇಷನ್ನಿಗೆ ಸಾಗಿಸುತ್ತಿದ್ದ ಜಟಕಾ ಸಾಬರು ಒಬ್ಬರಿದ್ದರು, ಅಪ್ಪನ ಓರಗೆಯವರು. ಹುಲ್ಲು ಹಾಸಿ ದೇವರನ್ನು ಮಲಗಿಸಿ, ಗುಂಡಿ ಬಂದಲ್ಲೆಲ್ಲ ಕುದುರೆಯನ್ನು ನಡೆಸಿಕೊಂಡು ಹೋಗುವವರು. ಅವರು ಬಂದವರು ಅಪ್ಪನ ಹಣೆ ಮುಟ್ಟಿ ನೋಡಿದರು, ಕಾಲಿನ ಬಟ್ಟೆ ಸರಿಸಿ ನೋಡಿದರು, ಹೊರಗೆ ಹೋಗಿ ಜಟಕಾವನ್ನು ಬಾಗಿಲಿಗೆ ತಂದು ನಿಲ್ಲಿಸಿದರು. ಕೋಲಾರದ ಆಸ್ಪತ್ರೆಗೆ ಹೋಗೋಣ ಎಂದರು. ಅಪ್ಪ ಬೇಡವೆಂದರು. ಕಲ್ಲೆಲ್ಲ ಬಂದುಬಿಟ್ಟರೆ ಸರಿಹೋಗುತ್ತದೆ ಎಂದು ದೊಡ್ಡಪ್ಪ ಹೇಳುತ್ತಿದ್ದಂತೆಯೇ ಅಮ್ಮ ಒಂದು ಸೀರೆಯನ್ನು ಗಂಟು ಕಟ್ಟಿಕೊಂಡು ಹೋಗಿ ಜಟಕಾದಲ್ಲಿ ಕೂತುಬಿಟ್ಟಳು. ಅವಳು ಮುಳಬಾಗಿಲಿನ ಹುಡುಗಿ, ಸಿಟ್ಟು ಬಂದರೆ ತೆಲುಗು. "ಮೀರು ರಾಕಪೋತೆ ನೇನು ದಿಗನು" ಎಂದಳು. ನೀವು ಬರದಿದ್ದರೆ ನಾನು ಇಳಿಯುವುದಿಲ್ಲ ಎಂದು. ಅಪ್ಪನನ್ನು ದೇವರನ್ನು ಮಲಗಿಸುವ ಹಾಗೆಯೇ ಹುಲ್ಲಿನ ಮೇಲೆ ಮಲಗಿಸಿಕೊಂಡು ಹೋದೆವು.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆದು. ಕಾಲನ್ನು ಬಹಳ ಹೊತ್ತು ನೋಡಿದರು. ಕಲ್ಲಿನ ಕತೆಯನ್ನು ನಾನೇ ಹೇಳಿದೆ. ಅವರು ನಗಲಿಲ್ಲ. ಗಾಯದಿಂದ ಒಂದು ಹರಳನ್ನು ತೆಗೆದು ಗಾಜಿನ ಬಿಲ್ಲೆಯ ಮೇಲಿಟ್ಟು, ಮೇಲೊಂದು ಗಾಜಿಟ್ಟು ಬೆರಳಲ್ಲಿ ಒತ್ತಿದರು. ಹರಳು ಮಸಿಯ ಹಾಗೆ ಪುಡಿಯಾಯಿತು.

"ಕಲ್ಲು ಹೀಗೆ ಪುಡಿಯಾಗಲ್ಲ, ಆಚಾರ್ರೇ" ಎಂದರು.

ನಾನು ಅಪ್ಪನ ಮುಖ ನೋಡಿದೆ. ಭೂಮಿ ಬಾಯಿ ಬಿಟ್ಟಂತಾಗಿದ್ದು ನನಗೆ. ಅವರ ಮುಖದಲ್ಲಿ ಏನೂ ಇರಲಿಲ್ಲ. ಜ್ವರದ ತಾಪಕ್ಕೆ ಮಾತು ಕಿವಿಗೆ ಬಿದ್ದಿಲ್ಲವೇನೋ ಅಂದುಕೊಂಡೆ. ಅಮ್ಮ ನೆಲ ನೋಡುತ್ತಿದ್ದಳು.

ಡಾಕ್ಟರು ವಿವರಿಸಿದರು. ಉಪ್ಪಿನಕಾಯಿ ಜಾಡಿಗೆ ಹಿಡಿಯುವ ಬೂಷ್ಟಿನಂಥದೇ ಒಂದು ಬೂಷ್ಟು ಮಣ್ಣಿನಲ್ಲೂ ಮುಳ್ಳಿನಲ್ಲೂ ಇರುತ್ತದಂತೆ. ಮುಳ್ಳು ಚುಚ್ಚಿದಾಗ ಒಳಗೆ ಹೋಗಿ ಬೇರು ಬಿಡುತ್ತದಂತೆ. ಕಪ್ಪು ಹರಳು ಅದರದೇ ಗಂಟು. ತಮಿಳು ಸೀಮೆಯ ಮಧುರೆಯಲ್ಲಿ ಹೆಚ್ಚಾಗಿ ಕಂಡದ್ದರಿಂದ ಆ ಊರಿನ ಹೆಸರಿನಲ್ಲೇ ಇಂಥ ಕಾಲನ್ನು ಕರೆಯುತ್ತಾರಂತೆ. ಕುಷ್ಠವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಆದರೆ ಈಗ ಮೂಳೆಗೆ ಇಳಿದುಬಿಟ್ಟಿದೆ, ಮೊಣಕಾಲಿನ ಕೆಳಗೆ ತೆಗೆಯದೆ ಬೇರೆ ದಾರಿಯಿಲ್ಲ ಎಂದರು. ಬಟಾಣಿಯಷ್ಟಿದ್ದಾಗ ಬಂದಿದ್ದರೆ ಏನಾಗುತ್ತಿತ್ತೆಂದು ನಾನು ಕೇಳಬಾರದಿತ್ತು, ಕೇಳಿದೆ. ಆ ಗಂಟನ್ನಷ್ಟೇ ಕೊಯ್ದು ಹೊಲಿಗೆ ಹಾಕುತ್ತಿದ್ದೆವಮ್ಮ, ಒಂದು ಗೆರೆ ಉಳಿಯುತ್ತಿತ್ತು ಎಂದರು.

ಅಪ್ಪ ಕೇಳಿದ್ದು ಒಂದೇ ಮಾತು. ವೇಣುಗೋಪಾಲನ ಕಣ್ಣು ತೆರೆದು ಬರುವವರೆಗೆ ತಡೆಯಬಹುದೇ ಎಂದು. ತಡೆದರೆ ನಂಜು ರಕ್ತಕ್ಕೆ ಹೋಗುತ್ತದೆ, ಆಗ ಕಾಲನ್ನಲ್ಲ ನಿಮ್ಮನ್ನೇ ಕಳೆದುಕೊಳ್ಳುತ್ತೇವೆ ಎಂದರು ಡಾಕ್ಟರು. ಅಪ್ಪ ಗೋಡೆಯ ಕಡೆ ತಿರುಗಿಕೊಂಡರು. ಹೆಬ್ಬೆಟ್ಟಿನ ಗುರುತು ಹಾಕಿ ಒಪ್ಪಿಗೆ ಕೊಟ್ಟವಳು ಅಮ್ಮ.

ಕಂಕುಳಿಗೆ ಕೋಲು ಕೊಟ್ಟುಕೊಂಡು ಅಪ್ಪ ಊರಿಗೆ ಬಂದರು. ಶ್ರೀನಿವಾಸಪುರದ ಕಡೆಯವರು ವಿಗ್ರಹ ಕೊಂಡೊಯ್ಯಲು ಬಂದು, ಸುದ್ದಿ ತಿಳಿದು ಬಹಳ ನೊಂದುಕೊಂಡರು. ಒಳ್ಳೆಯ ಜನ. ಕಣ್ಣನ್ನೂ ನೀವೇ ತೆರೆಯಬೇಕು ಎಂದರು. ಅವರ ಪೂಜಾರಿ, ಇದಕ್ಕೆ ಪರಿಹಾರ ಇದೆ, ನಾನು ಮಾಡಿಸಿಕೊಳ್ಳುತ್ತೇನೆ ಎಂದ. ದೊಡ್ಡಪ್ಪನೂ ಕಣ್ಣೊರೆಸಿಕೊಂಡು, ಶಾಸ್ತ್ರ ಹಾಳಾಗ್ಲಿ, ನೀನು ಉಳಿ ತಗೋ ಎಂದರು. ಇಡೀ ಬೀದಿಯಲ್ಲಿ ಬೇಡ ಎಂದವರು ಒಬ್ಬರೂ ಇಲ್ಲ. ಬೇಡ ಎಂದದ್ದು ಅಪ್ಪ.

"ಬೆರಳು ಮುಕ್ಕಾಯ್ತು ಅಂತ ಎಷ್ಟು ದೇವ್ರನ್ನ ಬಾವಿಗೆ ಹಾಕಿದೀನಿ ನಾನು. ಕಲ್ಲಿಗೊಂದು ನ್ಯಾಯ, ನನಗೊಂದು ನ್ಯಾಯಾನಾ?"

ನನಗೆ ಉತ್ತರ ಕೊಡಬೇಕೆನಿಸಿತ್ತು. ನೀವು ಕಲ್ಲಲ್ಲ ಅಪ್ಪ ಎಂದು ಕಿರುಚಬೇಕೆನಿಸಿತ್ತು. ಹೆಣ್ಣುಮಕ್ಕಳು ಅಂಥ ಜಾಗದಲ್ಲಿ ಬಾಯಿ ಹಾಕುವ ಕಾಲವಲ್ಲ ಅದು. ದೊಡ್ಡಪ್ಪನೇ ಸ್ನಾನ ಮಾಡಿ ಮಡಿಯುಟ್ಟು ಕಣ್ಣು ತೆರೆಯಲು ಒಳಗೆ ಹೋದರು. ಅಪ್ಪ ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕೂತಿದ್ದರು. ಪರದೆಯ ಹಿಂದೆ ಉಳಿಯ ಸದ್ದು ಶುರುವಾಯಿತು. ಅಪ್ಪನ ಬೆರಳುಗಳು ತೊಡೆಯ ಮೇಲೆ ಆ ಸದ್ದಿನ ಜೊತೆಗೇ ಆಡುತ್ತಿದ್ದವು. ಸ್ವಲ್ಪ ಹೊತ್ತಿಗೆ ನಿಂತವು. "ಬಲಗಣ್ಣು ಒಂಚೂರು ಆಳ ಹೋಯ್ತು" ಎಂದರು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಯಾರ ಮುಂದೆಯೂ ಹೇಳಬೇಡ ಎಂದರು.

ಆಮೇಲೆ ಅಪ್ಪ ದೇವರ ಕಲ್ಲನ್ನು ಮುಟ್ಟಲೇ ಇಲ್ಲ. ಒರಳು, ಬೀಸುವ ಕಲ್ಲು, ಗುಂಡುಕಲ್ಲು ಮಾಡಿದರು. ಮಾಸ್ತಿಯ ಕಡೆಯ ಹೆಂಗಸರು ಹುಡುಕಿಕೊಂಡು ಬಂದು ಒಯ್ಯುತ್ತಿದ್ದರು. ಈ ಒರಳಲ್ಲಿ ರುಬ್ಬಿದರೆ ಚಟ್ನಿಗೆ ರುಚಿ ಬೇರೆ ಎಂದು ಯಾರಾದರೂ ಹೊಗಳಿದರೆ ಅಪ್ಪ ನಗುತ್ತಿದ್ದರು. ಆ ನಗುವನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ.

ಮೊದಲ ಬಾಣಂತನಕ್ಕೆ ನಾನು ತವರಿಗೆ ಬಂದಿದ್ದೆ. ಬಾಣಂತಿ ಕೋಣೆಗೆ ಕಿಟಕಿ ಇಲ್ಲ, ಗೋಡೆಯಾಚೆಗೆ ಅಪ್ಪ ಕೆಲಸ ಮಾಡುವ ಚಪ್ಪರ. ಒಂದು ಮಧ್ಯಾಹ್ನ ಮಗುವಿಗೆ ಹಾಲು ಕೊಡುತ್ತಾ ಮಲಗಿದ್ದೆ. ಅಮ್ಮ ಅಪ್ಪನನ್ನು ಊಟಕ್ಕೆ ಎಬ್ಬಿಸಲು ಚಪ್ಪರಕ್ಕೆ ಹೋದವಳು ಅಲ್ಲೇ ಕೂತಳು. ನಾನು ನಿದ್ದೆ ಹೋಗಿದ್ದೇನೆಂದು ತಿಳಿದಿರಬೇಕು.

"ನಿಮಗೊಂದು ಮಾತು ಹೇಳ್ಬೇಕು. ಸಿಟ್ಟಾಗ್ಬೇಡಿ ಅನ್ನಲ್ಲ, ಆಗಿ" ಎಂದಳು.

ಉಳಿಯ ಸದ್ದು ನಿಂತಿತು.

"ಗಾಯ ಬಾಯಿಬಿಟ್ಟ ಮೊದಲನೇ ವರ್ಷಾನೇ ಒಂದು ಹರಳನ್ನ ಉಗುರ ಮೇಲಿಟ್ಟು ಒತ್ತಿದ್ದೆ, ಹೇನು ಸಾಯಿಸೋ ಹಾಗೆ. ಪುಡಿಪುಡಿಯಾಯ್ತು. ಕಲ್ಲಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ದೊಡ್ಡ ರೋಗ ಅಂದ್ಕೊಂಡೆ. ಹೇಳಿದ್ರೆ ನಿಮ್ಮನ್ನ ಊರಾಚೆ ಕೂರಿಸ್ತಾರೆ, ಈ ಹುಡುಗೀನ ಯಾರೂ ಮಾಡ್ಕೊಳ್ಳಲ್ಲ ಅಂತ ಬಾಯಿ ಮುಚ್ಕೊಂಡೆ. ಕಲ್ಲು ಬಂತು, ಕಲ್ಲು ಬಂತು ಅಂತ ದಿನಾ ಸುಳ್ಳು ಹೇಳ್ದೆ. ನಿಮ್ ಕಾಲು ತಿಂದೋಳು ನಾನೇ."

ಹಾಲು ಕುಡಿಯುತ್ತಿದ್ದ ಮಗು ನಿದ್ದೆ ಹೋಗಿತ್ತು.

"ಹಲ್ಲು ಬೀಳೋಕೆ ಮುಂಚಿಂದ ಕಲ್ಲು ಮುಟ್ಟಿದ ಕೈ ಕಣೇ ಇದು" ಎಂದರು. "ಯಾವುದು ಕಲ್ಲು, ಯಾವುದು ಅಲ್ಲ ಅಂತ ನಂಗೆ ತಿಳಿಯಲ್ವಾ? ಗೊತ್ತಿತ್ತು. ಆಸ್ಪತ್ರೆಗೆ ಹೋದ್ರೆ ಕಾಲು ತೆಗೀತಾರೆ, ತೆಗೆದ್ರೆ ಮುಗೀತು. ಈ ದೇವ್ರದ್ದೊಂದು ಕಣ್ಣು ತೆರೆದುಬಿಡೋಣ, ಇನ್ನೊಂದು ದೇವ್ರದ್ದು ತೆರೆದುಬಿಡೋಣ ಅಂತ ತಳ್ಕೊಂಡು ಬಂದೆ."

ಅಮ್ಮನ ದನಿ ಬದಲಾಯಿತು. "ಮತ್ತೆ ನಾನು ಸಾಯಂಕಾಲ ಆ ಮಾತು ಹೇಳುವಾಗೆಲ್ಲ ಸುಮ್ನೆ ಯಾಕೆ ತಲೆ ಆಡಿಸ್ತಿದ್ರಿ?"

"ನೀನು ನಂಬಿದೀಯ ಅಂದ್ಕೊಂಡಿದ್ದೆ" ಎಂದರು ಅಪ್ಪ. "ನಂಬಿಕೊಂಡು ನೆಮ್ಮದಿಯಾಗಿದೀಯಲ್ಲ, ನಾನ್ಯಾಕೆ ಕೆಡಿಸ್ಲಿ ಅಂತ."

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಮಲಗಿದ್ದೆ. ಕಾಲು ಹೋಗುತ್ತದೆಂದು ಒಬ್ಬರು, ಊರಾಚೆ ಕೂರಿಸುತ್ತಾರೆಂದು ಒಬ್ಬರು, ಹೀಗೆ ಇಬ್ಬರೂ ಹೆದರಿದ್ದು, ಬೇಗ ಆಸ್ಪತ್ರೆಗೆ ಹೋಗಿದ್ದರೆ ಆಗದೇ ಇರುತ್ತಿದ್ದ ಸಂಗತಿಗೆ. ಇಬ್ಬರಲ್ಲಿ ಯಾರೊಬ್ಬರು ಬಾಯಿ ಬಿಟ್ಟಿದ್ದರೂ ನಿಂಬೆಹಣ್ಣಿನಷ್ಟು ಮಾಂಸ ಹೋಗಿ, ಅಂಗಾಲಿನಲ್ಲಿ ಒಂದು ಗೆರೆ ಉಳಿಯುತ್ತಿತ್ತು. ಅಂಗಾಲಿನ ಗೆರೆಯನ್ನು ಯಾವ ಶಾಸ್ತ್ರ ಬಗ್ಗಿ ನೋಡುತ್ತದೆ? ಒಬ್ಬರ ನೆಮ್ಮದಿಯನ್ನು ಇನ್ನೊಬ್ಬರು ಕಾಯುತ್ತಾ ಕೂತು ಆ ಕಾಲನ್ನು ಕಳೆದರು. ನಿಮ್ಮ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ ಎಂದು ಇಬ್ಬರನ್ನೂ ಬೈದುಕೊಂಡೇ ಅತ್ತೆ. ಅವರಿಬ್ಬರೂ ಹೋಗಿ ಎಷ್ಟೋ ವರ್ಷಗಳಾದವು. ನಾನಿನ್ನೂ ಬೈಯುತ್ತಲೇ ಇದ್ದೇನೆ.